ಮಂಚದ ಕೆಳಗೆ ತಡವಿ ನೋಡಿ



*ದಿನಕ್ಕೊಂದು ಧಮ್ಮ ಚಿಂತನೆ*



ವಿನಯ ಪಿಟಕದ ಮಹಾವಗ್ಗದಲ್ಲಿ, ಶಿಷ್ಯನಾದವನು ತನ್ನ ಉಪಾಧ್ಯಾಯರಿಗೆ ಮಾಡಬೇಕಾದ ಸೇವೆಗಳ ಉದ್ದನೆಯ ಪಟ್ಟಿ ಇದೆ. ಬೆಳಿಗ್ಗೆ ಹಲ್ಲುಕಡ್ಡಿ, ನೀರು ಕೊಡುವುದರಿಂದ ಹಿಡಿದು ಕೋಣೆ ಗುಡಿಸುವವರೆಗೆ ಎಲ್ಲವನ್ನೂ ಅಲ್ಲಿ ಹೇಳಿದ್ದಾರೆ. ಅದರಲ್ಲಿ ಬರುವ ಒಂದು ಚಿಕ್ಕ ಸೂಚನೆ ಇಂದಿನ ನಮ್ಮ ಪಾಠ.

ಭಿಕ್ಷಾಪಾತ್ರೆಯನ್ನು ಎತ್ತಿಡುವಾಗ ಒಂದು ಕೈಯಲ್ಲಿ ಪಾತ್ರೆ ಹಿಡಿದುಕೊಳ್ಳಬೇಕು. ಇನ್ನೊಂದು ಕೈಯಿಂದ ಮಂಚದ ಕೆಳಗೋ ಪೀಠದ ಕೆಳಗೋ ತಡವಿ ನೋಡಬೇಕು. ಆಮೇಲೆ ಪಾತ್ರೆಯನ್ನು ಅಲ್ಲಿಡಬೇಕು. ಅದನ್ನೂ ಬರೀ ನೆಲದ ಮೇಲೆ ಇಡಬಾರದು. ಪಾಳಿಯಲ್ಲಿ ಈ ಜಾಗಕ್ಕೆ ‘ಹೆಟ್ಠಾಮಂಚ’ ಎನ್ನುತ್ತಾರೆ. ಹೆಟ್ಠಾ ಎಂದರೆ ಕೆಳಗೆ. ಮಂಚ ಎಂದರೆ ನಾವು ಮಲಗುವ ಅದೇ ಮಂಚ.

ಬುದ್ಧರ ಮಹಾಪರಿನಿಬ್ಬಾಣದ ನಂತರ ರಾಜಗೃಹದಲ್ಲಿ ನಡೆದ ಮೊದಲ ಸಂಗೀತಿಯಲ್ಲಿ ವಿನಯವನ್ನು ಹೇಳಿದವರು ಉಪಾಲಿ. ಶಾಕ್ಯರ ಮನೆಯ ಕ್ಷೌರಿಕರಾಗಿದ್ದವರು. ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಇವರ ಪಬ್ಬಜ್ಜೆಯನ್ನು ವಿಶೇಷವಾಗಿ ಹೇಳಿದ್ದಾರೆ. ಪಾತ್ರೆ ಎಲ್ಲಿಡಬೇಕು, ಹೇಗಿಡಬೇಕು ಎಂಬ ಮಾತು ಕೈಕೆಲಸ ಮಾಡಿ ಬದುಕಿದ ಒಬ್ಬರ ಬಾಯಿಂದ ನಮಗೆ ಬಂದಿದೆ ಎಂಬುದನ್ನು ಮರೆಯಬಾರದು.

*ತಡವಿ ನೋಡುವುದು ಏಕೆ?*

ಆಗಿನ ಪಾತ್ರೆಗಳು ಮಣ್ಣಿನವು ಅಥವಾ ಕಬ್ಬಿಣದವು. ಭಿಕ್ಖುವಿಗೆ ಇದ್ದ ಆಸ್ತಿಯೇ ಪಾತ್ರೆ, ಚೀವರದಂತಹ ಬೆರಳೆಣಿಕೆಯ ವಸ್ತುಗಳು. ಮಂಚದ ಕೆಳಗೆ ಕತ್ತಲೆ. ಅಲ್ಲಿ ಚೇಳು ಇರಬಹುದು, ಇನ್ನೊಂದು ಪಾತ್ರೆ ಇರಬಹುದು, ಕಲ್ಲು ಇರಬಹುದು. ಕಣ್ಣಿಗೆ ಕಾಣದ ಜಾಗದಲ್ಲಿ ಬೆಲೆಬಾಳುವ ವಸ್ತುವನ್ನು ಇಡುವ ಮೊದಲು ಅಲ್ಲಿ ಏನಿದೆ ಎಂದು ತಿಳಿದುಕೋ ಎಂಬುದಷ್ಟೇ ಈ ನಿಯಮದ ಅರ್ಥ. ಮಂತ್ರವಿಲ್ಲ, ಪವಾಡವಿಲ್ಲ. ಎಚ್ಚರವಿದೆ.

ನಾವು ದೀಕ್ಷೆ ತೆಗೆದುಕೊಂಡಾಗ ಮನೆಯೊಳಗೆ ಒಂದು ಬೆಲೆಬಾಳುವ ವಸ್ತುವನ್ನು ತಂದೆವು. ಅದು ಧಮ್ಮ. ಅದನ್ನು ಇಡುವ ಮೊದಲು ಮಂಚದ ಕೆಳಗೆ ತಡವಿ ನೋಡಿದೆವಾ?

*ಅಲ್ಲಿ ಕಾಲು ಕತ್ತರಿಸಿದರು, ಇಲ್ಲಿ ಇಟ್ಟಿಗೆ ಕೊಟ್ಟೆವು*

ಪಾತಿಮೊಕ್ಖದಲ್ಲಿ ಇನ್ನೊಂದು ನಿಯಮ ಉಂಟು. ಹೊಸ ಮಂಚ ಮಾಡಿಸುವ ಭಿಕ್ಖು ಅದರ ಕಾಲುಗಳನ್ನು 8 ಸುಗತ ಅಂಗುಲಕ್ಕಿಂತ ಎತ್ತರ ಮಾಡಿಸಬಾರದು. ಮಾಡಿಸಿದ್ದರೆ ಕತ್ತರಿಸಬೇಕು. ಹುಣ್ಣಿಮೆಯಂದು ನಾವು ಪಾಲಿಸುವ ಅಷ್ಟಶೀಲದ 8ನೆಯ ಶೀಲವೂ ಎತ್ತರದ, ದೊಡ್ಡ ಹಾಸಿಗೆಗಳಿಂದ ದೂರವಿರುವುದೇ.

ನಮ್ಮ ಮನೆಗಳಲ್ಲಿ ಇದಕ್ಕೆ ತಿರುಗಾಮುರುಗಾ. ಮಂಚದ ನಾಲ್ಕು ಕಾಲಿಗೂ ಎರಡೆರಡು ಇಟ್ಟಿಗೆ ಕೊಟ್ಟು ಎತ್ತರ ಮಾಡುತ್ತೇವೆ. ಯಾಕೆಂದರೆ ಕೆಳಗೆ ಟ್ರಂಕು ಹೋಗಬೇಕು, ರಾಗಿ ಮೂಟೆ ಹೋಗಬೇಕು. ಈರುಳ್ಳಿ, ಮದುವೆಗೆ ಮುಯ್ಯಿ ಬಂದ ಸ್ಟೀಲ್ ಪಾತ್ರೆಗಳು, ಮಕ್ಕಳ ಹಳೇ ಪುಸ್ತಕದ ಕಟ್ಟು, ಎಲ್ಲಕ್ಕೂ ಅದೇ ಜಾಗ. ಹಾಸಿಗೆಯ ಅಡಿಯಲ್ಲಿ ಸಂಘದ ಪಾಸ್‌ಬುಕ್ಕು, ಗಿರವಿ ಚೀಟಿ, ಆಸ್ಪತ್ರೆಯ ಚೀಟಿ.

ಇದನ್ನು ದುರಾಸೆ ಎನ್ನಲಾಗದು. ಒಂದು ಅಂಕಣದ ಮನೆಯಲ್ಲಿ ಆರು ಜನ ಇದ್ದರೆ ಮಂಚದ ಕೆಳಗೇ ಉಗ್ರಾಣ. ಬಾಬಾಸಾಹೇಬರು ಬೆಳೆದದ್ದು ಮುಂಬಯಿಯ ಪರೇಲಿನ ಚಾಳಿನ ಒಂದೇ ಕೋಣೆಯಲ್ಲಿ. ತಂದೆ ರಾಮ್‌ಜಿಯವರು ಮಗನನ್ನು ಬೇಗ ಮಲಗಿಸಿ, ತಾವು ಎಚ್ಚರವಿದ್ದು, ರಾತ್ರಿ ಎರಡು ಗಂಟೆಗೆ ಓದಲು ಎಬ್ಬಿಸಿ, ಆಮೇಲೆ ತಾವು ಮಲಗುತ್ತಿದ್ದರು. ಜಾಗವಿಲ್ಲದ ಮನೆ ಹೇಗಿರುತ್ತದೆ ಎಂದು ಬಾಬಾಸಾಹೇಬರಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಆದ್ದರಿಂದ ರಾಗಿ ಮೂಟೆ, ಟ್ರಂಕು, ದಾಖಲೆಗಳ ಬಗ್ಗೆ ಚಿಂತೆ ಬೇಡ. ಇಲಿ, ಗೆದ್ದಲು ಮುಟ್ಟದಂತೆ ನೋಡಿಕೊಂಡರೆ ಸಾಕು. ಜಾಗದ ಕೊರತೆಯಿಂದ ಇಟ್ಟದ್ದು ಒಂದು, ಅಂಜಿಕೆಯಿಂದ ಇಟ್ಟದ್ದು ಇನ್ನೊಂದು. ಇಂದು ತಡವಿ ನೋಡಬೇಕಾದದ್ದು ಈ ಎರಡನೆಯದನ್ನು.

*ಒಳಗಿನ ಅಂಜಿಕೆ*

ಬಾಣಂತಿಯ ಮಂಚದ ಕೆಳಗೆ ಕಬ್ಬಿಣದ ಚೂರು, ಕುಡುಗೋಲು, ಹಳೇ ಪೊರಕೆ ಇಡುವುದನ್ನು ನೀವೆಲ್ಲ ಕಂಡಿದ್ದೀರಿ. ಗಾಳಿ ಸೋಕಬಾರದು ಅಂತ. ಮಗು ಕಾಲಾಡಿಸುವ ಜಾಗದಲ್ಲಿ ತುಕ್ಕು ಹಿಡಿದ ಕಬ್ಬಿಣ! ಗಾಳಿ ಸೋಕುತ್ತದೋ ಇಲ್ಲವೋ, ಗಾಯವಾದರೆ ಧನುರ್ವಾಯು ಆಗುವ ಅಪಾಯವಂತೂ ಇದೆ.

ಇನ್ನೊಂದು, ಕುಂಕುಮ ಹಚ್ಚಿದ ನಿಂಬೆಹಣ್ಣು. ಮಂಚ ಸರಿಸಿ ಗುಡಿಸುವಾಗ ಮೂಲೆಯಲ್ಲಿ ಒಣಗಿದ ನಿಂಬೆಹಣ್ಣೊಂದು ಸಿಕ್ಕಿತು ಎನ್ನಿ. ಅದು ಆಯುಧಪೂಜೆಯ ದಿನ ಪಕ್ಕದ ಮನೆಯ ಬೈಕಿನಿಂದ ಉರುಳಿ, ಮಕ್ಕಳ ಕೈಸೇರಿ ಒಳಗೆ ಬಂದಿರಬಹುದು. ಆದರೆ ಆ ಕ್ಷಣದಿಂದ ಮನೆಯಲ್ಲಿ ಒಂದೇ ಮಾತು: “ಯಾರೋ ಮಾಡ್ಸವ್ರೆ.” ಯಾರು ಎಂದು ಹುಡುಕುತ್ತಾ ಹೋದ ಅನುಮಾನ ಕೊನೆಗೆ ಬಂದು ನಿಲ್ಲುವುದು ಮನೆಯ ಸೊಸೆಯ ಮೇಲೆ, ಇಲ್ಲವೇ ಓಣಿಯ ಒಂಟಿ ಮುದುಕಿಯ ಮೇಲೆ. ಒಂದು ಒಣ ನಿಂಬೆಹಣ್ಣು ಒಂದು ಹೆಣ್ಣಿನ ಊಟ ನಿದ್ದೆ ಕೆಡಿಸಬಲ್ಲದು. ಬುದ್ಧವಂದನೆ ಹೇಳುವ ಮನೆಗಳೂ ಇದಕ್ಕೆ ಹೊರತಲ್ಲ.

ಯಾಕೆ ಹೀಗೆ? ಇದಕ್ಕೆ ಧಮ್ಮದಲ್ಲಿ ಒಂದು ಪದ ಇದೆ: *ಅನುಸಯ.* ‘ಶಯನ’, ‘ಶಯ್ಯೆ’ ಎಂಬ ಪದಗಳಿಗೆ ಯಾವ ಧಾತು ಮೂಲವೋ ಇದಕ್ಕೂ ಅದೇ ಮೂಲ. ಜೊತೆಯಲ್ಲೇ ಮಲಗಿರುವುದು ಎಂದು ಅರ್ಥ. ಕಾಮರಾಗ, ಪಟಿಘ ಅಂದರೆ ದ್ವೇಷ, ದಿಟ್ಠಿ ಅಂದರೆ ತಪ್ಪು ದೃಷ್ಟಿ, ವಿಚಿಕಿಚ್ಛಾ ಅಂದರೆ ಸಂದೇಹ, ಮಾನ ಅಂದರೆ ನಾನೆಂಬುದು, ಭವರಾಗ, ಅವಿಜ್ಜಾ ಹೀಗೆ 7 ಅನುಸಯಗಳನ್ನು ಹೇಳಿದ್ದಾರೆ. ಇವು ಹಗಲಿನಲ್ಲಿ ಕಾಣುವುದಿಲ್ಲ. ಮನಸ್ಸಿನ ಮಂಚದ ಕೆಳಗೆ ಮಲಗಿರುತ್ತವೆ. ಒಂದು ನಿಂಬೆಹಣ್ಣು ಕಂಡರೆ ಸಾಕು, ಎದ್ದು ಕೂರುತ್ತವೆ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬರೀ ತಿಸರಣ, ಪಂಚಶೀಲಗಳಿಗೆ ನಿಲ್ಲಿಸದೆ, 22 ಪ್ರತಿಜ್ಞೆಗಳನ್ನೂ ಜನರಿಂದ ಹೇಳಿಸಿದ್ದು ಏಕೆ ಎಂಬುದು ಇಲ್ಲಿ ಅರ್ಥವಾಗುತ್ತದೆ. ಹೊಸ ಪಾತ್ರೆ ಇಡುವ ಮೊದಲು ಮಂಚದ ಕೆಳಗೆ ಏನೇನಿದೆ ಎಂದು ಅವರು ಒಂದೊಂದನ್ನೇ ಹೆಸರು ಹಿಡಿದು ತಡವಿ ತೋರಿಸಿದರು.

*ಹೊರಗಿನ ಅಂಜಿಕೆ*

ಇದರ ಇನ್ನೊಂದು ಮುಖ ಹೆಚ್ಚು ನೋವಿನದು. ಊರು ಬಿಟ್ಟು ಪಟ್ಟಣಕ್ಕೆ ಬಂದ ನಮ್ಮ ನೌಕರ ಕುಟುಂಬಗಳಿಗೆ ಇದು ಗೊತ್ತು. ಬಾಡಿಗೆ ಮನೆ ಕೇಳಲು ಹೋದರೆ ಅಡ್ವಾನ್ಸಿನ ಮಾತಿಗಿಂತ ಮೊದಲು “ನೀವು ಯಾವ ಜನ?” ಎಂಬ ಪ್ರಶ್ನೆ ಬರುತ್ತದೆ. ಹೇಗೋ ಮನೆ ಸಿಕ್ಕಿತು. ಬಾಡಿಗೆಗೆ ಮಾಲೀಕರು ಬರುವ ದಿನ ಗೋಡೆಯ ಮೇಲಿನ ಬಾಬಾಸಾಹೇಬರ ಫೋಟೋ ಕೆಳಗಿಳಿದು, ಟವೆಲ್ಲಿನಲ್ಲಿ ಸುತ್ತಿಕೊಂಡು, ಮಂಚದ ಕೆಳಗೆ ಹೋಗುತ್ತದೆ. ಮಾಲೀಕರು ಹೋದ ಮೇಲೆ ಮತ್ತೆ ಗೋಡೆಗೆ. ಮನೆಯ ಮಗು ಆ ಖಾಲಿ ಮೊಳೆಯನ್ನು ನೋಡುತ್ತದೆ. ಏನೂ ಕೇಳುವುದಿಲ್ಲ. ಆದರೆ ಕಲಿಯುತ್ತದೆ. ತರಗತಿಯಲ್ಲಿ ಹೆಸರು ಹೇಳುವಾಗ ತಲೆ ತಗ್ಗಿಸುವ ಮಕ್ಕಳನ್ನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಆ ಪಾಠ ಅವರಿಗೆ ಶಾಲೆಯಲ್ಲಿ ಮಾತ್ರ ಆದದ್ದಲ್ಲ.

ಫೋಟೋ ಬಚ್ಚಿಟ್ಟವರನ್ನು ಬೈಯುವುದು ಸುಲಭ. ಬೈಯಬೇಕಾದದ್ದು ಜಾತಿ ಕೇಳಿದವರನ್ನು. ಅಸ್ಪೃಶ್ಯತೆಯನ್ನು ಸಂವಿಧಾನದ 17ನೆಯ ವಿಧಿ ರದ್ದು ಮಾಡಿದ ಮೇಲೂ ಆ ಪ್ರಶ್ನೆ ಕೇಳುತ್ತಿರುವವರು ಅವರು. ಬಾಬಾಸಾಹೇಬರೇ ಅಮೆರಿಕದಲ್ಲಿ ಓದಿ ಬಂದು ಬರೋಡ ಸಂಸ್ಥಾನದ ಕೆಲಸಕ್ಕೆ ಸೇರಿದಾಗ ಉಳಿಯಲು ಮನೆ ಸಿಗದೆ, ಪಾರ್ಸಿ ಹೆಸರಿನಲ್ಲಿ ಪಾರ್ಸಿ ವಸತಿಗೃಹವೊಂದರಲ್ಲಿ ಉಳಿದಿದ್ದರು. 11ನೆಯ ದಿನ ದೊಣ್ಣೆ ಹಿಡಿದವರು ಬಂದು ಹೊರಹಾಕಿದರು. ಹೆಸರು ಮುಚ್ಚಿಟ್ಟು ಮಲಗುವವನ ನಿದ್ದೆ ಎಂಥದ್ದು ಎಂದು ಅವರು ಬಲ್ಲರು. ಆದರೆ ಅವರು ಅದನ್ನು ಮುಚ್ಚಿಟ್ಟುಕೊಂಡೇ ಉಳಿಯಲಿಲ್ಲ. ಮುಂದೆ ಅದನ್ನು ತಾವೇ ಬರೆದಿಟ್ಟರು. ಮಂಚದ ಕೆಳಗಿನದು ಬೆಳಕಿಗೆ ಬಂದಾಗ ಅದು ನಮ್ಮ ನಾಚಿಕೆ ಆಗಿ ಉಳಿಯುವುದಿಲ್ಲ, ಕೇಳಿದವರ ನಾಚಿಕೆ ಆಗುತ್ತದೆ.

*ಒಬ್ಬ ತಾಯಿಯ ಟ್ರಂಕು*

ನಮ್ಮ ಬಳಗದಲ್ಲಿ ಒಬ್ಬ ತರುಣರು ಒಮ್ಮೆ ಕೇಳಿದರು: “ನಮ್ಮ ಅವ್ವ ನನ್ನ ಜೊತೆಯಲ್ಲೇ ದೀಕ್ಷೆ ತಗೊಂಡವರು. ಆದರೆ ಮಂಚದ ಕೆಳಗೆ ಟ್ರಂಕಿನಲ್ಲಿ ಮಾರಮ್ಮನ ಪಟ ಅರಿಶಿನದ ಬಟ್ಟೆಯಲ್ಲಿ ಕಟ್ಟಿಟ್ಟಿದ್ದಾರೆ. ತೆಗೆದುಕೊಂಡು ಹೋಗಿ ಕೆರೆಗೆ ಹಾಕಿಬಿಡಲಾ?”

ಹಿರಿಯರೊಬ್ಬರು ಹೇಳಿದರು: “ಹಾಕೋದು ಆಮೇಲೆ. ಯಾಕಿಟ್ಟಿದ್ದೀಯವ್ವ ಅಂತ ಮೊದಲು ಕೇಳಪ್ಪ.”

ಅವರು ಕೇಳಿದರು. ತಾಯಿ ಹೇಳಿದ್ದು ಇಷ್ಟು: “ನಿನ್ನ ಮೇಲಿನವನು ದಡಾರದಲ್ಲಿ ಹೋದ. ನೀನು ಹುಟ್ಟಿದಾಗ ಇವನ್ನಾದ್ರೂ ಉಳ್ಸು ಅಂತ ಹರಕೆ ಕಟ್ಟಿದ್ದೆ. ಈಗ ಎಸೆದು ನಿಂಗೇನಾದ್ರೂ ಆದ್ರೆ ನಾನೇನ್ ಮಾಡ್ಲಪ್ಪ?” ಅದೇ ಟ್ರಂಕಿನಲ್ಲಿ ಆ ಮೊದಲ ಮಗುವಿನ ಒಂದು ಅಂಗಿಯೂ ಇತ್ತು.

ಮಗ ಮೂರ್ತಿಪೂಜೆ ಎಂದುಕೊಂಡದ್ದು ತಾಯಿಗೆ ಮಗನ ಮೇಲಿನ ಭಯವಾಗಿತ್ತು. ದಡಾರಕ್ಕೆ ಲಸಿಕೆ ಇದೆ. ಆ ಕೂಸಿಗೆ ಅದು ಸಿಕ್ಕಿರಲಿಲ್ಲ. ಲಸಿಕೆ ತಲುಪದ ಕೇರಿಯಲ್ಲಿ ಹರಕೆ ತಲುಪಿತ್ತು. ಆ ಮುಂದಿನ ಹುಣ್ಣಿಮೆಗೆ ಮನೆಯವರೆಲ್ಲ ಸೇರಿ ಆ ಮಗುವಿನ ಹೆಸರಿನಲ್ಲಿ ಪುಣ್ಯಾನುಮೋದನೆ ಮಾಡಿದರು. ಆ ಕೂಸಿನ ಹೆಸರನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳಿದ್ದು ಎಷ್ಟೋ ವರ್ಷಗಳ ಮೇಲೆ. ಪಟವನ್ನು ಆ ತಾಯಿ ಇನ್ನೂ ಬಿಟ್ಟಿಲ್ಲ. ಆದರೆ ಅದು ಈಗ ಬಚ್ಚಿಟ್ಟ ವಸ್ತುವಲ್ಲ, ತಾಯಿ ಮಗ ಕೂತು ಮಾತಾಡುವ ವಿಷಯ.

ಬಳಗದ ಕೆಲವರು ಇದನ್ನು ಒಪ್ಪಲಿಲ್ಲ. ಪ್ರತಿಜ್ಞೆ ಎಂದರೆ ಪ್ರತಿಜ್ಞೆ ಎಂದರು. ಅವರ ಮಾತು ಸರಿ, ಪ್ರತಿಜ್ಞೆಯಲ್ಲಿ ರಿಯಾಯಿತಿ ಇಲ್ಲ. ಆದರೆ ಪ್ರತಿಜ್ಞೆ ಮಾಡಿದವರೇ ಅದನ್ನು ಪೂರೈಸಬೇಕು. ತಾಯಿಯ ಪ್ರತಿಜ್ಞೆಯನ್ನು ಮಗ ಕಸಿದು ಪೂರೈಸಲಾಗದು. ಪಟ ಕೆರೆಗೆ ಬಿದ್ದರೂ ಭಯ ಮಂಚದ ಕೆಳಗೇ ಉಳಿಯುತ್ತದೆ.

*ಹೊರಗೆ ತರುವ ಕ್ರಮ*

ಮಹಾವಗ್ಗದ ಅದೇ ಭಾಗದಲ್ಲಿ ಉಪಾಧ್ಯಾಯರ ಕೋಣೆಯನ್ನು ಹೇಗೆ ಶುಚಿ ಮಾಡಬೇಕು ಎಂಬ ಕ್ರಮವೂ ಇದೆ. ಮೊದಲು ಪಾತ್ರೆ, ಚೀವರ ಹೊರಗೆ. ಆಮೇಲೆ ಹಾಸಿಗೆ, ದಿಂಬು. ಮಂಚವನ್ನು ತಗ್ಗಿಸಿ, ಬಾಗಿಲಿಗೂ ಚೌಕಟ್ಟಿಗೂ ತಾಗದಂತೆ ಹೊರತರಬೇಕು. ಧೂಳು ಏಳದಂತೆ ನೀರು ಚಿಮುಕಿಸಿ ಗುಡಿಸಬೇಕು. ಮಂಚವನ್ನು ಬಿಸಿಲಿಗೆ ಹಾಕಿ, ಒರೆಸಿ, ಕೊಡವಿ, ಮತ್ತೆ ಅದರ ಜಾಗದಲ್ಲೇ ಇಡಬೇಕು.

ಇದು ಕಿರಿಯರು ಹಿರಿಯರ ಕೋಣೆಯನ್ನು ಶುಚಿ ಮಾಡುವ ಕ್ರಮ ಎಂಬುದನ್ನು ಗಮನಿಸಿ. ಸಿಟ್ಟಿನಲ್ಲಿ ಎಳೆದಾಡಿದರೆ ಚೌಕಟ್ಟು ಕೆತ್ತಿಹೋಗುತ್ತದೆ. ಕುಟುಂಬವೇ ಆ ಚೌಕಟ್ಟು.

*ಇಂದಿನ ಅಭ್ಯಾಸ*

1. ಇಂದು ಸಂಜೆ ನಿಮ್ಮ ಮಂಚದ ಕೆಳಗಿನದನ್ನೆಲ್ಲ ಹೊರಗೆ ತೆಗೆಯಿರಿ. ಹಿರಿಯರ ಮಂಚವಾದರೆ ಅವರನ್ನು ಕೇಳಿ, ಅವರ ಎದುರಿಗೇ ತೆಗೆಯಿರಿ.

2. ಪ್ರತಿ ವಸ್ತುವಿಗೂ ಒಂದೇ ಪ್ರಶ್ನೆ ಕೇಳಿ: ಇದು ಇಲ್ಲಿರುವುದು ಅಗತ್ಯಕ್ಕೋ, ಅಂಜಿಕೆಗೋ?

3. ಜಾತಿ ಪ್ರಮಾಣಪತ್ರ, ಪಹಣಿ, ಅಂಕಪಟ್ಟಿಗಳಿದ್ದರೆ ಒಣ ಚೀಲದಲ್ಲಿ ಹಾಕಿ, ನೆರಳಚ್ಚು ಮಾಡಿಸಿ ಬೇರೆ ಕಡೆಯೂ ಒಂದು ಪ್ರತಿ ಇಡಿ. ಹಣ ಕೊಟ್ಟು ತಂದ ಧಮ್ಮಗ್ರಂಥ ಅಲ್ಲಿ ಸಿಕ್ಕರೆ ಧೂಳು ಒರೆಸಿ ಕೈಗೆ ಸಿಗುವ ಜಾಗದಲ್ಲಿಡಿ. ಇಂದು ರಾತ್ರಿ ಒಂದು ಪುಟ ಓದಿ.

4. ಕಬ್ಬಿಣ, ನಿಂಬೆಹಣ್ಣು, ತಾಯಿತ ಸಿಕ್ಕರೆ ಯಾರ ಮೇಲೂ ಅನುಮಾನ ಪಡದೆ ಕಸಕ್ಕೆ ಹಾಕಿ. ಆಮೇಲೆ ಮಕ್ಕಳನ್ನು ಕೂರಿಸಿಕೊಂಡು ಯಾಕೆ ಹಾಕಿದೆವು ಎಂದು ಹೇಳಿ.

ಭಾನುವಾರದ ಬಳಗಕ್ಕೆ ಬರುವಾಗ ಈ ಪ್ರಶ್ನೆಗೆ ಉತ್ತರ ಯೋಚಿಸಿಕೊಂಡು ಬನ್ನಿ: *ಬಾಡಿಗೆ ಮನೆಯ ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ ಇಳಿಸದೆ ಬಾಳಲು ನಾವು ಒಬ್ಬರಿಗೊಬ್ಬರು ಏನು ಮಾಡಬಹುದು?* ಒಂದೇ ಮನೆಯವರಿಂದ ಆಗದ್ದು ಸಂಘದಿಂದ ಆದೀತು. ಮನೆ ಮಾಲೀಕರಾಗಿರುವ ನಮ್ಮವರೂ ದಯವಿಟ್ಟು ಬನ್ನಿ.

ಭವತು ಸಬ್ಬ ಮಂಗಲಂ.
ಜೈ ಭೀಮ್. ನಮೋ ಬುದ್ಧಾಯ. 🙏

_ಓದಿ, ಮನೆಯವರಿಗೂ ಓದಿ ಹೇಳಿ, ಬಂಧುಗಳಿಗೆ ಕಳಿಸಿ._