ಗಂಡಿನ ಗಡ್ಡ ಕಪ್ಪಾದರೆ ಸಾಲದು

ಮಗಾ, ಬೆಂಗಳೂರಿಂದ ಫೋನ್ ಮಾಡಿ ಕೇಳಿದೆಯಲ್ಲ, "ತಾತ, ನಮ್ಮ ಗಂಡು ಬಿಯರ್ಡೆಡ್ ಡ್ರ್ಯಾಗನ್ ಗಡ್ಡ ಕಪ್ಪು ಮಾಡ್ಕೊಂಡು ತಲೆ ಆಡಿಸ್ತಿದೆ, ಹೆಣ್ಣಿನ ಜೊತೆ ಬಿಡಲಾ?" ಅಂತ. ಈಗಲೇ ಬೇಡ ಕಣಪ್ಪ.

ಆಸ್ಟ್ರೇಲಿಯಾದ್ದಾದರೂ ಅದು ನಮ್ಮ ಓತಿಕ್ಯಾತನ ವಂಶದ್ದೇ. ವೈರಮುಡಿ ಉತ್ಸವ ಮುಗಿದು ಬಿಸಿಲು ಏರಿದ ಮೇಲೆ ನಮ್ಮೂರ ಯೋಗಾನರಸಿಂಹನ ಬೆಟ್ಟದ ಬಂಡೆ ಮೇಲೆ ಗಂಡು ಓತಿ ಮೆರೆಯೋದನ್ನ ನೀನೇ ನೋಡಿದ್ದೀಯ. ಇನ್ನೊಂದು ಗಂಡು ಎದುರಾದರೆ ಬೆನ್ನು ಹಳದಿ. ಹೆಣ್ಣು ಕಂಡರೆ ಬೆನ್ನು ಕೆಂಪು, ಪಕ್ಕೆ ಕಪ್ಪು. ನೋಡನೋಡುತ್ತಲೇ ಬಣ್ಣ ತಿರುಗುತ್ತೆ. ಭಾರತೀಯ ವಿಜ್ಞಾನ ಸಂಸ್ಥೆಯವರು ಈ ಓತಿಯ ಬಣ್ಣದ ಮೇಲೇ ಸಂಶೋಧನೆ ಮಾಡಿದ್ದಾರೆ. ಹೆಣ್ಣಿನ ಮೈ ಮಾತ್ರ ಬಂಡೆಯ ಬಣ್ಣದ್ದೇ. ಅದಕ್ಕೆ ಬೇಡ ಅನ್ನಿಸಿದರೆ ಸರ್ರನೆ ಬಿರುಕಿನೊಳಗೆ ನುಗ್ಗಿಬಿಡುತ್ತೆ. ನಿನ್ನ ಗಾಜಿನ ಪೆಟ್ಟಿಗೆಯಲ್ಲಿ ಆ ಬಿರುಕು ಎಲ್ಲಿದೆ, ಹೇಳು.

ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿದವನು ನಾನು. ಆದರೂ ಇಂಥದ್ದೇ ಅವಸರದಲ್ಲಿ ಒಮ್ಮೆ ತಪ್ಪಿದೆ. ಮನೆಯ ಸೀಮೆ ಕಡಸು ಬೆದೆಗೆ ಬಂದು ರಾತ್ರಿಯೆಲ್ಲ ಕೂಗಿತು. ಮೈ ಇನ್ನೂ ಕಟ್ಟಿರಲಿಲ್ಲ, 250 ಕಿಲೋ ಆಗಲಿ ಅಂತ ಊರಿಗೆಲ್ಲ ಹೇಳುತ್ತಿದ್ದವನು ನಾನೇ, ಆದರೂ ಆಸೆಗೆ ಬಿದ್ದು ಗಬ್ಬ ಕಟ್ಟಿಸಿದೆ. ಈಯುವಾಗ ಕರು ಸಿಕ್ಕಿಕೊಂಡಿತು. ಬೆಳಗಿನ ಜಾವ ಎಳೆದು ತೆಗೆದಾಗ ಕರುವಿಗೆ ಉಸಿರಿರಲಿಲ್ಲ. ಕಡಸು ಮೂರು ದಿನ ಎದ್ದು ನಿಲ್ಲಲಿಲ್ಲ. ನನ್ನ ಮುಖವನ್ನೇ ನೋಡುತ್ತಿತ್ತು. ಬೆದೆ ಬರೋದು ಬೇರೆ, ಬಸಿರು ಹೊರೋ ಶಕ್ತಿ ಬರೋದು ಬೇರೆ ಅಂತ ಅವತ್ತು ಅರಿವಾಯಿತು.

ನಿನ್ನ ಹೆಣ್ಣಿಗೆ ಹನ್ನೊಂದು ತಿಂಗಳು, ತೂಕ 240 ಗ್ರಾಂ ಅಂದೆ. ಕನಿಷ್ಠ ಒಂದೂವರೆ ವರ್ಷ ತುಂಬಲಿ, ತೂಕ 350 ಗ್ರಾಂ ದಾಟಲಿ. ಹಾಗಂತ ಕೊಬ್ಬು ತುಂಬಿಸಬೇಡ, ಬಾಲದ ಬುಡ ದುಂಡಗಿರಬೇಕು, ಸೊಂಟದ ಮೂಳೆ ಎದ್ದು ಕಾಣಬಾರದು, ಅಷ್ಟೇ. ಒಂದು ಸಲಕ್ಕೆ ಇಪ್ಪತ್ತರ ಆಸುಪಾಸು ಮೊಟ್ಟೆ ಇಡುತ್ತೆ. ಒಮ್ಮೆ ಕೂಡಿದರೆ ಗಂಡಿನ ಬೀಜವನ್ನು ಒಳಗೇ ಉಳಿಸಿಕೊಂಡು ಮತ್ತೆ ಮತ್ತೆ ಇಡಬಲ್ಲದು. ಮೊಟ್ಟೆಯ ಚಿಪ್ಪಿಗೆ ಬೇಕಾದ ಸುಣ್ಣ ಆಹಾರದಲ್ಲಿ ಸಾಲದಿದ್ದರೆ ಅದರ ಮೂಳೆಯಿಂದಲೇ ಹೋಗುತ್ತೆ. ಅದಕ್ಕೇ ಕ್ಯಾಲ್ಸಿಯಂ ಪುಡಿ ತಪ್ಪಿಸಬೇಡ, ಯುವಿಬಿ ದೀಪ ಹಳೆಯದಾಗಿದ್ದರೆ ಬದಲಾಯಿಸು. ಅಗೆಯೋಕೆ ಒದ್ದೆ ಮರಳಿನ ಡಬ್ಬ ಇಡು, ಜಾಗ ಸಿಗದಿದ್ದರೆ ಮೊಟ್ಟೆ ಹೊಟ್ಟೆಯಲ್ಲೇ ಸಿಕ್ಕಿ ಪ್ರಾಣಕ್ಕೆ ಕುತ್ತು ಬರುತ್ತೆ. ಮರಿಗಳನ್ನು ಯಾರ ಮನೆಗೆ ಕೊಡ್ತೀಯ ಅನ್ನೋದನ್ನೂ ಮೊದಲೇ ಯೋಚಿಸು.

ಹೆಣ್ಣು ಮುಂಗಾಲು ಎತ್ತಿ ಆಡಿಸುತ್ತೆ ಅಂದೆಯಲ್ಲ, ಅದನ್ನು ಒಪ್ಪಿಗೆ ಅಂದುಕೊಳ್ಳಬೇಡ. ಬಹಳ ಸಲ ಅದು "ನನ್ನ ತಂಟೆಗೆ ಬರಬೇಡ, ನಾನು ಸೋತೆ" ಅನ್ನೋ ಸನ್ನೆ.

ಇವತ್ತೇ ಎರಡನ್ನೂ ಬೇರೆ ಬೇರೆ ಪೆಟ್ಟಿಗೆಗೆ ಹಾಕು, ಒಂದಕ್ಕೊಂದು ಕಾಣದ ಹಾಗೆ. ಪ್ರತಿ ಭಾನುವಾರ ಹೆಣ್ಣನ್ನು ತೂಗಿ ಒಂದು ಪುಸ್ತಕದಲ್ಲಿ ಬರೆದಿಡು. ಮುಂದಿನ ವೈರಮುಡಿಗೆ ಊರಿಗೆ ಬರುವಾಗ ಆ ಪುಸ್ತಕ ತಗೊಂಡು ಬಾ, ಇಬ್ಬರೂ ಕೂತು ನೋಡೋಣ.