ವಾಹನ ನಿಲ್ಲಿಸುವ ಸ್ಥಳದಲ್ಲಿ ಎಚ್ಚರಿಕೆ

ಧಾರೂರಿನ ರೈಲು ನಿಲ್ದಾಣದಿಂದ ವಿಕಾರಾಬಾದಿಗೂ ತಾಂಡೂರಿಗೂ ಹೋಗಿಬರುವವರು ಅನೇಕರು. ನಿಲ್ದಾಣದ ಬಳಿ ಬೆಳಿಗ್ಗೆ ಮೋಟಾರು ಸೈಕಲನ್ನು ನಿಲ್ಲಿಸಿ ಹೋದವರು ಮರಳುವುದು ಕತ್ತಲಾದ ಮೇಲೆ. ನವೆಂಬರ್ ತಿಂಗಳ ಕ್ರೈಸ್ತ ಜಾತ್ರೆಯಲ್ಲಂತೂ ವಾಹನಗಳ ಸಾಲಿಗೆ ಕೊನೆಯೇ ಕಾಣದು. ಹಗಲೆಲ್ಲ ಕಾಯುವವರಿಲ್ಲದ ವಾಹನ, ರಾತ್ರಿ ಒಂಟಿಯಾಗಿ ಬರುವ ಒಡೆಯ, ಇವೆರಡೂ ದೊರೆಯುವ ಸ್ಥಳವಾದುದರಿಂದಲೇ ದುಷ್ಟರ ಕಣ್ಣು ಇಂತಹ ಕಡೆ ಬೀಳುತ್ತದೆ.

2019ನೆಯ ಇಸವಿಯ ನವೆಂಬರ್ 27ರಂದು ಹೈದರಾಬಾದಿನ ಸಮೀಪದ ಶಂಷಾಬಾದಿನಲ್ಲಿ ತರುಣ ಪಶುವೈದ್ಯೆಯೊಬ್ಬರು ಟೋಲ್ ಗೇಟಿನ ಬಳಿ ಸ್ಕೂಟರನ್ನು ನಿಲ್ಲಿಸಿ ಹೋಗಿದ್ದರು. ರಾತ್ರಿ ಮರಳಿದಾಗ ಚಕ್ರದಲ್ಲಿ ಗಾಳಿಯಿರಲಿಲ್ಲ. ಸರಿಪಡಿಸಿ ಕೊಡುವೆವೆಂದು ಅಪರಿಚಿತರು ಮುಂದೆ ಬಂದರು. ಗಾಳಿ ತೆಗೆದವರೂ ಅವರೇ ಎಂದು ಪೊಲೀಸರು ಅನಂತರ ತಿಳಿಸಿದರು. ಆ ಸೋದರಿಯ ಪ್ರಾಣವೇ ಹೋಯಿತು. ಅವರದು ಎಳ್ಳಷ್ಟೂ ತಪ್ಪಿಲ್ಲ, ಅಪರಾಧವೆಲ್ಲ ಪಾತಕಿಗಳದೇ. ಆದರೆ ನಾವು ತಿಳಿಯಬೇಕಾದುದು ಇಷ್ಟು: ಕೆಟ್ಟ ವಾಹನವನ್ನು ಅಲ್ಲಿಯೇ ಬಿಟ್ಟು ಬರಬಹುದು. ಮೊದಲು ಜೀವ, ಆಮೇಲೆ ವಾಹನ.

ವಿದ್ಯಾರ್ಥಿಗಳು ಈ ಕೆಳಗಿನ ಮಾತುಗಳನ್ನು ಮನನ ಮಾಡಿಕೊಳ್ಳಬೇಕು.

1. ದೀಪವೂ ಜನಸಂಚಾರವೂ ಇರುವೆಡೆಯಲ್ಲಿಯೇ ವಾಹನವನ್ನು ನಿಲ್ಲಿಸಬೇಕು. ಹಗಲು ಬೆಳಕಿರುವ ಜಾಗದಲ್ಲಿ ರಾತ್ರಿ ದೀಪವಿದೆಯೇ ಎಂದು ಆಗಲೇ ನೋಡಿಕೊಳ್ಳಬೇಕು.

2. ಹ್ಯಾಂಡಲ್ ಬೀಗದ ಜೊತೆಗೆ ಚಕ್ರಕ್ಕೂ ಸರಪಳಿ ಬೀಗ ಹಾಕಬೇಕು. ನಿಲುಗಡೆಯ ಚೀಟಿಯನ್ನು ವಾಹನದಲ್ಲಿ ಬಿಡದೆ ಜೇಬಿನಲ್ಲಿ ಇಟ್ಟುಕೊಳ್ಳಬೇಕು.

3. ವಾಹನದತ್ತ ನಡೆಯುವಾಗ ಬೀಗದಕೈ ಕೈಯಲ್ಲಿರಲಿ, ದೃಷ್ಟಿ ಮೊಬೈಲಿನ ಮೇಲೆ ಬೇಡ. ನಗರದ ದೊಡ್ಡ ಕಟ್ಟಡಗಳ ನೆಲಮಾಳಿಗೆಯಲ್ಲಿ ಮೊಬೈಲಿಗೆ ಸಂಕೇತ ಸಿಗದಿರಬಹುದು; ಹೇಳಬೇಕಾದುದನ್ನು ಮೇಲೆಯೇ ಹೇಳಿ ಇಳಿಯಬೇಕು.

4. ಚಕ್ರದ ಗಾಳಿ ಹೋಗಿದ್ದು, ಅಪರಿಚಿತರು ಸಹಾಯಕ್ಕೆ ಬಂದರೆ, ವಂದಿಸಿ, ಜನರಿರುವ ಅಂಗಡಿಗೆ ಹೋಗಬೇಕು. ಅಲ್ಲಿಂದ 112ಕ್ಕೂ ಮನೆಗೂ ಕರೆ ಮಾಡಬೇಕು.

5. ಯಾರಾದರೂ ಬೆದರಿಸಿ ಬೀಗದಕೈ ಕೇಳಿದರೆ ಕೊಟ್ಟುಬಿಡಬೇಕು, ಹೋರಾಡಲಾಗದು.

ಪೋಷಕರಿಗೂ ಒಂದು ವಿಜ್ಞಾಪನೆ. ಕ್ಷಣಮಾತ್ರದ ಕೆಲಸವೆಂದು ಮಕ್ಕಳನ್ನು ಕಾರಿನಲ್ಲಿ ಒಂಟಿಯಾಗಿ ಬಿಡಬಾರದು. ಶಂಷಾಬಾದಿನ ಪ್ರಕರಣದಲ್ಲಿ ದೂರು ಕೊಡಲು ಹೋದ ಮನೆಯವರಿಗೆ ಠಾಣೆಯ ಸರಹದ್ದಿನ ಪ್ರಶ್ನೆಯಿಂದಾಗಿ ವಿಳಂಬವಾಯಿತು. ಮೂವರು ಪೊಲೀಸರು ಅಮಾನತುಗೊಂಡರು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ, ಗಂಭೀರ ಅಪರಾಧದ ದೂರನ್ನು, ಅದು ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಕೊಡಬಹುದು. ದಾಖಲಾದ ದೂರಿನ ಪ್ರತಿಯನ್ನು ಉಚಿತವಾಗಿ ಪಡೆಯುವ ಹಕ್ಕೂ ಇದೆ. ವಾಹನ ಕಳವಾದರೆ ವಿಮಾ ಕಂಪನಿಯವರು ಸಾಮಾನ್ಯವಾಗಿ ಈ ಪ್ರತಿಯನ್ನೂ ಎರಡೂ ಬೀಗದಕೈಗಳನ್ನೂ ಕೇಳುತ್ತಾರೆ.

ಮಕ್ಕಳೇ, ಇಂದು ಸಂಜೆಯೇ ಮನೆಯ ವಾಹನದ ಸಂಖ್ಯೆ, ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆಗಳನ್ನು ನೋಟುಬುಕ್ಕಿನಲ್ಲಿ ಬರೆದಿಡಿರಿ. ಹಿರಿಯರು ರಾತ್ರಿ ತಡವಾಗಿ ಮರಳುವ ದಿನ ಎಲ್ಲಿ ವಾಹನ ನಿಲ್ಲಿಸುವರು, ಎಷ್ಟು ಹೊತ್ತಿಗೆ ಬರುವರು ಎಂದು ಕೇಳಿ ತಿಳಿದಿರಿ. ಕಾದು ಕುಳಿತವರಿಗೆ ಈ ಎರಡು ಸಂಗತಿಗಳು ಗೊತ್ತಿದ್ದರೆ, ವಿಳಂಬವಾದಾಗ ಎಲ್ಲಿ ಹುಡುಕಬೇಕೆಂಬುದು ತಿಳಿಯುತ್ತದೆ.