ತಂತ್ರಾಂಶವು ಸ್ಥಾಪನೆಯಾಗದಿದ್ದಾಗ

ಲಿನಕ್ಸ್ ಗಣಕದಲ್ಲಿ ಹೊಸ ತಂತ್ರಾಂಶವನ್ನು ಸ್ಥಾಪಿಸಹೊರಟ ವಿದ್ಯಾರ್ಥಿಯು ಪರದೆಯ ಮೇಲೆ ಸಾಲುಸಾಲಾಗಿ ಇಳಿದುಬರುವ ದೂರುಗಳನ್ನು ಕಂಡು ಕಂಗೆಡುವುದುಂಟು. ಆದರೆ ಅವುಗಳಲ್ಲಿ ಬಹುಪಾಲು ಮೊದಲನೆಯ ದೂರಿನ ಪರಿಣಾಮಗಳೇ ಆಗಿರುವುವು. ಕೊನೆಯ ಸಾಲು ಸಾಮಾನ್ಯವಾಗಿ ಕೆಲಸ ಕೆಟ್ಟಿತೆಂದು ಮಾತ್ರ ತಿಳಿಸುತ್ತದೆ. ಏಕೆ ಕೆಟ್ಟಿತೆಂಬುದನ್ನು ಮೇಲಿನಿಂದ ಓದುತ್ತ ಬಂದು ಅರಸಬೇಕು.

ಡೆಬಿಯನ್ (1993) ಮತ್ತು ಅದರಿಂದ ಹುಟ್ಟಿದ ಉಬುಂಟು (2004) ಇವುಗಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಇಲ್ಲಿ ತಂತ್ರಾಂಶವು ಪ್ಯಾಕೇಜು ಎಂಬ ಕಟ್ಟಿನ ರೂಪದಲ್ಲಿ ಬರುತ್ತದೆ. ಅದರಲ್ಲಿ ಕಡತಗಳಲ್ಲದೆ, ತನಗೆ ಬೇರೆ ಯಾವ ಪ್ಯಾಕೇಜುಗಳು, ಯಾವ ಆವೃತ್ತಿಯಲ್ಲಿ ಬೇಕೆಂಬ ವಿವರವೂ ಇರುವುದು. ಇದಕ್ಕೆ ಅವಲಂಬನೆಯೆಂದು ಹೆಸರು. ಕಟ್ಟನ್ನು ಬಿಚ್ಚಿ ಕಡತಗಳನ್ನು ಅವುಗಳ ಸ್ಥಾನದಲ್ಲಿರಿಸುವ ಕೆಲಸಗಾರನು ಡಿಪಿಕೆಜಿ. ಆಪ್ಟ್ ಎಂಬುದು ಅದರ ಮೇಲಿನ ಮೇಸ್ತ್ರಿ. ಅವಲಂಬನೆಗಳನ್ನು ಲೆಕ್ಕಹಾಕಿ, ಬೇಕಾದುದೆಲ್ಲವನ್ನೂ ಅಂತರಜಾಲದ ಭಂಡಾರದಿಂದ ತರಿಸಿ, ಡಿಪಿಕೆಜಿಯ ಕೈಗೊಪ್ಪಿಸುತ್ತದೆ.

ಸುಲಭವಾದ ತೊಂದರೆಗಳನ್ನು ಮೊದಲು ಮುಗಿಸಿಬಿಡೋಣ. 404 ಎಂಬ ಸಂಖ್ಯೆ ಕಂಡರೆ, ನಮ್ಮಲ್ಲಿರುವ ಪಟ್ಟಿ ಹಳತಾಗಿರುವುದೇ ಸಾಮಾನ್ಯ ಕಾರಣ. 'ಸುಡೊ ಆಪ್ಟ್ ಅಪ್‌ಡೇಟ್' ಎಂಬ ಆಜ್ಞೆಯಿಂದ ಹೊಸ ಪಟ್ಟಿಯನ್ನು ತರಿಸಬೇಕು. (ಆಜ್ಞೆಗಳನ್ನು ರೋಮನ್ ಅಕ್ಷರಗಳಲ್ಲಿಯೇ ಟೈಪು ಮಾಡಬೇಕೆಂಬುದು ವಾಚಕರಿಗೆ ತಿಳಿದಿದೆ.) ಬೀಗದ ಕಡತವನ್ನು ಬೇರೊಂದು ಕಾರ್ಯವು ಹಿಡಿದಿದೆಯೆಂಬ ದೂರು ಬಂದರೆ, ಹಿನ್ನೆಲೆಯಲ್ಲಿ ನವೀಕರಣ ನಡೆಯುತ್ತಿರಬಹುದು, ಕಾಯಬೇಕು. ಬೀಗವನ್ನೇ ಅಳಿಸಿಬಿಡಿರೆಂದು ಬೋಧಿಸುವವರುಂಟು. ಒಂದೇ ಲೆಕ್ಕದ ಪುಸ್ತಕದಲ್ಲಿ ಇಬ್ಬರು ಗುಮಾಸ್ತರು ಏಕಕಾಲದಲ್ಲಿ ಬರೆಯಲೆಂದಂತಾಯಿತು ಅದು! ವಿದ್ಯುತ್ತು ನಿಂತು ಕೆಲಸವು ಅರ್ಧಕ್ಕೆ ತುಂಡಾಗಿದ್ದರೆ 'ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ' ಎಂಬುದು ಉಳಿದುದನ್ನು ಪೂರೈಸಲೆತ್ನಿಸುತ್ತದೆ.

ಕಠಿಣವಾದುದು ಅವಲಂಬನೆಯ ಪ್ರಶ್ನೆ. ಹೊಸ ಪ್ಯಾಕೇಜಿಗೆ ಒಂದು ಲೈಬ್ರರಿಯ 2ನೆಯ ಆವೃತ್ತಿ ಬೇಕು; ಈಗಾಗಲೇ ಇರುವ ಪ್ಯಾಕೇಜಿಗೆ 1ನೆಯದೇ ಬೇಕು. ಎರಡೂ ಒಟ್ಟಿಗಿರಲಾರವು. ಆಗ ಆಪ್ಟ್ ಕೆಲಸವನ್ನು ನಿರಾಕರಿಸಬಹುದು, ಇಲ್ಲವೇ ಹಳೆಯದನ್ನು ತೆಗೆಯುವೆನೆನ್ನಬಹುದು. ನಿರಾಕರಣೆಯಿಂದ ಹಾನಿಯಿಲ್ಲ, ಎರಡನೆಯದೇ ಅಪಾಯ. 2021ರಲ್ಲಿ ಕೆನಡಾದ ವಿಡಿಯೊ ನಿರ್ಮಾಪಕ ಲೈನಸ್ ಸೆಬಾಸ್ಟಿಯನ್‌ರವರು ಉಬುಂಟುವನ್ನಾಧರಿಸಿದ ಪಾಪ್ ಓಎಸ್‌ನಲ್ಲಿ ಸ್ಟೀಮ್ ಎಂಬ ಆಟಗಳ ತಂತ್ರಾಂಶವನ್ನು ಸ್ಥಾಪಿಸಹೊರಟರು. ಆಗ ಅದರ ಅವಲಂಬನೆಗಳು ತಪ್ಪಿದ್ದುವು. ತೆಗೆಯಬೇಕಾದ ಪ್ಯಾಕೇಜುಗಳ ಉದ್ದನೆಯ ಪಟ್ಟಿಯನ್ನು ಮುಂದಿಟ್ಟು, ಎಚ್ಚರಿಕೆಯನ್ನೂ ಕೊಟ್ಟು, 'ಹೌದು, ನಾನು ಹೇಳಿದಂತೆ ಮಾಡು' ಎಂಬರ್ಥದ ವಾಕ್ಯವನ್ನು ಇಂಗ್ಲಿಷಿನಲ್ಲಿ ಬರೆಯಬೇಕೆಂದು ಆಪ್ಟ್ ಕೇಳಿತು. ಅವರು ಬರೆದರು. ಚಿತ್ರ ಕಿಟಕಿಗಳೆಲ್ಲ ಮಾಯವಾಗಿ, ಬರಿಯ ಅಕ್ಷರಗಳ ಕರಿಯ ಪರದೆ ಉಳಿಯಿತು. ಅದೇ ವರ್ಷ ಆಪ್ಟ್‌ನ ನಿರ್ಮಾತೃಗಳು ಆ ವಾಕ್ಯದ ಅವಕಾಶವನ್ನೇ ತೆಗೆದುಹಾಕಿದರು. ಆದರೂ ಅತ್ಯಾವಶ್ಯಕವೆಂಬ ಗುರುತಿಲ್ಲದ ಪ್ಯಾಕೇಜುಗಳಿಗೆ ಈ ರಕ್ಷಣೆಯಿಲ್ಲ. ತೆಗೆಯುವವುಗಳ ಪಟ್ಟಿಯನ್ನು ನಾವೇ ಓದಬೇಕು.

ಇಂತಹ ಸಂದರ್ಭದಲ್ಲಿ 'ಆಪ್ಟ್-ಗೆಟ್ -ಎಸ್ ಇನ್‌ಸ್ಟಾಲ್' ಎಂದು ಬರೆದು ಮುಂದೆ ಪ್ಯಾಕೇಜಿನ ಹೆಸರನ್ನು ಕೊಟ್ಟರೆ, ಏನೇನು ಬರುವುದು, ಏನೇನು ಹೋಗುವುದು ಎಂಬುದನ್ನು ಗಣಕವನ್ನು ಮುಟ್ಟದೆಯೇ ತೋರಿಸುತ್ತದೆ. ಬಳಿಕ 'ಆಪ್ಟ್ ಪಾಲಿಸಿ' ಎಂಬ ಆಜ್ಞೆಯಿಂದ, ಜಗಳವಾಡುವ ಆವೃತ್ತಿಗಳು ಯಾವ ಭಂಡಾರದಿಂದ ಬಂದವೆಂದು ನೋಡಬೇಕು. ಉಬುಂಟುವಿನ ಬೇರೊಂದು ಆವೃತ್ತಿಗಾಗಿ ಸಿದ್ಧವಾದ ಹೊರಗಿನ ಭಂಡಾರವನ್ನು ಎಂದೋ ಸೇರಿಸಿ ಮರೆತಿರುವುದೇ ಅನೇಕ ವೇಳೆ ಕಾರಣವಾಗಿರುವುದು. ಅದನ್ನು ಪಟ್ಟಿಯಿಂದ ತೆಗೆದು ಪುನಃ ಅಪ್‌ಡೇಟ್ ಮಾಡಬೇಕು. ಅಲ್ಲಿಂದ ಈಗಾಗಲೇ ಬಂದು ಕುಳಿತಿರುವ ಪ್ಯಾಕೇಜುಗಳನ್ನು ಒಂದೊಂದಾಗಿ ಮೂಲ ಭಂಡಾರದ ಆವೃತ್ತಿಗೆ ಇಳಿಸಬೇಕಾಗುವುದು.